ಪಾರ್ಕಿನವರ ಊಟ ವಿಚಾರಿಸಿದ್ದು

ಕಾಲೇಜು ಮುಗಿಸಿ ಶಿವಮೊಗ್ಗಕ್ಕೆ ಬಂದಾಗ ಅಪ್ಪ ತಮ್ಮ ಬಟ್ಟೆ ಅಂಗಡಿಯ ಅಳತೆಯ ಗಜಕಡ್ಡಿಯನ್ನು ನನ್ನ ಮುಂದಿಟ್ಟರು. ನಾನು ಮುಟ್ಟಲಿಲ್ಲ. ಆಗ ಎರಡನೇ ಮಹಾಯುದ್ಧದ ಕಾಲ. ಭದ್ರಾವತಿಯ ಪಾರ್ಕಿನಲ್ಲಿ ಕಂಬಕ್ಕೆ ಧ್ವನಿವರ್ಧಕ ಕಟ್ಟಿ, ರೇಡಿಯೋದ ಇಂಗ್ಲಿಷ್ ಸುದ್ದಿಯನ್ನು ಕಾರ್ಖಾನೆಯ ಜನಕ್ಕೆ ಕನ್ನಡದಲ್ಲಿ ಓದಿ ಹೇಳಲು ಸರ್ಕಾರದವರು ಪದವೀಧರನೊಬ್ಬನನ್ನು ಹುಡುಕುತ್ತಿದ್ದರು. ಆ ಕೆಲಸ ನನಗೆ ಸಿಕ್ಕಿತು. ಸದ್ಯಕ್ಕೆ ಹಂಗಾಮಿ, ಸಾಹೇಬರು ಮೆಚ್ಚಿದರೆ ಕಾಯಂ.

"ಗಾಳಿಗೆ ಮಾತಾಡೋದೂ ಒಂದು ಕೆಲಸವೇನೋ? ಕಾಯಂ ಆಗ್ಲಿಲ್ಲ ಅಂದ್ರೆ ಬಂದು ಅಂಗಡೀಲಿ ಕೂತ್ಕೋ," ಎಂದರು ಅಪ್ಪ. ಸೋತು ಬಂದು ಆ ಕಡ್ಡಿ ಹಿಡಿಯಬಾರದೆಂಬ ಹಟ ನನ್ನದು.

ಓದುವ ಕೋಣೆ ಪಾರ್ಕಿನ ಮೂಲೆಯಲ್ಲಿತ್ತು. ಹೊರಗಿನ ಸದ್ದು ಮೈಕಿಗೆ ತಾಗದಿರಲೆಂದು ಬಾಗಿಲು ಹಾಕಿ, ಕಿಟಕಿಗೆ ಕಂಬಳಿ ಇಳಿಬಿಡುತ್ತಿದ್ದೆ. ಇಡೀ ಊರಿಗೆ ಮಾತಾಡುವವನು ನಾನು, ನನ್ನೊಡನೆ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ. ಭದ್ರಾವತಿಯ ಜನ್ನಾಪುರದಲ್ಲಿದ್ದ ನನ್ನ ಬಾಡಿಗೆ ಕೋಣೆಯ ಅಕ್ಕಪಕ್ಕ ತಮಿಳು, ತೆಲುಗು ಮನೆಗಳು. ನಕ್ಕರೆ ನಗುತ್ತಿದ್ದರು, ಅಷ್ಟೇ. ಶಿವಮೊಗ್ಗದಲ್ಲಾದರೆ ಬೀದಿಗಿಳಿದರೆ ಸಾಕು, ನಾಲ್ಕು ಜನ 'ಊಟ ಆಯ್ತಾ' ಎನ್ನುತ್ತಿದ್ದರು. ಉಂಡವನಿಗೆ ಆ ಮಾತಿನ ಬೆಲೆ ತಿಳಿಯುವುದಿಲ್ಲ. ಇಲ್ಲಿ ಜನ ಉಂಡು, ಎಲೆ ಅಡಿಕೆ ಹಾಕಿಕೊಂಡು ಸುದ್ದಿ ಕೇಳಲು ಬರುತ್ತಿದ್ದರು. ನಾನು ಸುದ್ದಿ ಮುಗಿಸಿ ಹೋಟೆಲು ಸೇರುವಷ್ಟರಲ್ಲಿ ಎಷ್ಟೋ ಸಲ ಅನ್ನವೇ ಮುಗಿದಿರುತ್ತಿತ್ತು.

ಒಂದು ರಾತ್ರಿ, ಯಾವುದೋ ದೂರದ ಊರು ಶತ್ರುವಿನ ಕೈಸೇರಿದ ಸುದ್ದಿ ಓದಿ ಮುಗಿಸಿದೆ. ಸ್ವಿಚ್ಚಿಗೆ ಕೈ ಹೋಗುವ ಮೊದಲೇ ಬಾಯಿ ತಾನಾಗಿ, "ಎಲ್ಲರದ್ದೂ ಊಟ ಆಯ್ತಾ?" ಎಂದುಬಿಟ್ಟಿತು. ಗಾಬರಿಯಲ್ಲಿ ಸ್ವಿಚ್ಚು ಆರಿಸಿ, ಹೊರಗೆದ್ದ ಗದ್ದಲಕ್ಕೆ ಕಿವಿಗೊಡದೆ ಹಿಂಬಾಗಿಲಿನಿಂದ ಜಾರಿಕೊಂಡೆ. ಹೋಟೆಲಿಗೂ ಹೋಗದೆ ಮಲಗಿದೆ.

ರೇಡಿಯೋ ಎಂದರೆ ಎಲ್ಲವೂ ಬೆಂಗಳೂರಿನಿಂದಲೇ ಬರುವುದೆಂದು ಹೋಟೆಲಿನ ಯಜಮಾನ ತಿಳಿದಿದ್ದ. ಓದುವವನು ನಾನೆಂದು ನಾನೂ ಬಾಯಿ ಬಿಟ್ಟಿರಲಿಲ್ಲ. ಮರುದಿನ ಇಡ್ಲಿ ಇಡುತ್ತಾ ಅವನೇ ಶುರುಮಾಡಿದ.

"ನಿನ್ನೆ ರೇಡಿಯೋದೋನು ಊಟ ಆಯ್ತಾ ಅಂತ ಕೇಳ್ದ ಮಾರಾಯ್ರೆ. ಪಾರ್ಕಲ್ಲಿದ್ದೋರೆಲ್ಲ, ಆಯ್ತು, ನಿಮ್ದಾಯ್ತಾ ಅಂತ ಕೂಗಿದ್ರು. ಇಲ್ಲಿಗೂ ಕೇಳ್ತು. ಅಷ್ಟು ದೂರ ಕೂತೋನಿಗೆ ಹೆಂಗೆ ಕೇಳ್ಸುತ್ತೆ ಹೇಳಿ. ಆದ್ರೂ ಕೇಳ್ದೋರಿಗೆ ತಿರುಗಿ ಕೇಳ್ಬೇಕಲ್ಲ."

ಅದು ನಾನೇ ಎಂದು ಹೇಳಿಬಿಡಬೇಕೆನಿಸಿತು. ಹೇಳಿದರೆ ಅಳು ಬಂದೀತೆಂದು ಇನ್ನೆರಡು ಇಡ್ಲಿ ಹಾಕಿಸಿಕೊಂಡೆ.

ಮಧ್ಯಾಹ್ನ ಸಾಹೇಬರು ಕರೆಸಿದರು. "ಅದು ಸರ್ಕಾರದ ಮೈಕು, ನಿಮ್ಮನೆ ಜಗಲಿ ಅಲ್ಲ. ಇನ್ನೊಂದ್ಸಲ ಹೀಗಾದ್ರೆ ಗಂಟು ಕಟ್ಟಿ," ಎಂದರು. ತಲೆಯಾಡಿಸಿದೆ.

ಅಂದು ರಾತ್ರಿ ಸುದ್ದಿ ಮುಗಿಸಿ, ಕಂಬಳಿಯನ್ನು ಚೂರು ಸರಿಸಿ ನೋಡಿದೆ. ಯಾರೂ ಎದ್ದಿರಲಿಲ್ಲ. ಎಲ್ಲರೂ ಕಂಬದತ್ತ ಮುಖ ಮಾಡಿ ಕಾಯುತ್ತಿದ್ದರು. 'ನನ್ನದು ಇನ್ನೂ ಆಗಿಲ್ಲ' ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಸ್ವಿಚ್ಚು ಆರಿಸಿದೆ.

ಕೆಲಸ ಕಾಯಂ ಆಯಿತು. ಅಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡರಂತೆ. ಪಾರ್ಕಿನ ಜನ ಕೆಲವು ದಿನ ಸುದ್ದಿ ಮುಗಿದ ಮೇಲೂ ಹಾಗೇ ಕೂತಿರುತ್ತಿದ್ದರು. ಆಮೇಲಾಮೇಲೆ, ಮುಗಿದ ಕೂಡಲೇ ಎದ್ದು ಹೋಗತೊಡಗಿದರು.