ಬಿಸಿಲಲ್ಲಿ ಬಂದ ನೆರೆ

“ಯಲ್ಲಾ, ಊಪರ್ ಆವೋ! ಪಾನಿ ಆತಾ ಹೈ!” ಬೇಗ ಮೇಲೆ ಬನ್ನಿ, ನೀರು ಬರುತ್ತಿದೆ ಎಂದು ದಡದ ಮೇಲಿಂದ ಒಮಾನಿ ಅಜ್ಜರೊಬ್ಬರು ಹರಕು ಹಿಂದಿಯಲ್ಲಿ ಕೂಗಿದರು. ಒಮಾನಿಗೆ ದುಡಿಯಲು ಬಂದಿದ್ದ ನಾನು ಮತ್ತು ತಮ್ಮ ಬೆಟ್ಟದ ತೊರೆಯ ನಡುವೆ ನಿಂತು, ಕೋಳಿಪುಕ್ಕವನ್ನು ನೊಣದಂತೆ ಕಟ್ಟಿದ ಗಾಳ ಬೀಸುತ್ತಿದ್ದೆವು. ಅಜ್ಜನ ಊರಿನ ಖರ್ಜೂರದ ತೋಟಗಳಿಗೆ ತಲೆತಲಾಂತರದಿಂದ ನೀರುಣಿಸುವ ತೊರೆ ಅದು.

“ಇಷ್ಟು ಬಿಸಿಲಿಗೆ ಎಂಥ ನೀರು ಅಣ್ಣ? ನಾವು ಹೊಳೆ ಕಾಣದವರಾ? ಒಂದು ಮೀನಾದರೂ ಹಿಡಿದು ಹೋಗುವ,” ಎಂದು ತಮ್ಮ ನಕ್ಕ. ಕರಾವಳಿಯವರಾದ ನಮಗೆ ಮಳೆಯಿಲ್ಲದೆ ನೆರೆ ಬರುವುದು ಗೊತ್ತಿರಲಿಲ್ಲ. ನಾನೂ ನಕ್ಕೆ.

ಅಷ್ಟರಲ್ಲಿ ಮೇಲಿನ ತಿರುವಿನಿಂದ ಕಲ್ಲು ಉರುಳುವ ಸದ್ದು ಕೇಳಿತು. ತಮ್ಮನನ್ನು ಬಿಟ್ಟು ನಾನೊಬ್ಬನೇ ದಡಕ್ಕೆ ಓಡಿದೆ. ತಿರುಗಿ ನೋಡಿದರೆ ಅಜ್ಜ ನೀರಿಗಿಳಿದು, ಕಾಲು ಜಾರಿ ಬಿದ್ದಿದ್ದ ಅವನನ್ನು ರಟ್ಟೆ ಹಿಡಿದು ಎಳೆದು ತರುತ್ತಿದ್ದರು. ಅವರು ಮೇಲೆ ಹತ್ತಿದೊಡನೆ ಕೆಸರು ನೀರು ನಾವು ನಿಂತಿದ್ದ ಬಂಡೆಯನ್ನೇ ಮುಳುಗಿಸಿತು. ದೂರದ ಬೆಟ್ಟದಲ್ಲಿ ಮಳೆಯಾಗಿತ್ತಂತೆ. ಅಜ್ಜ ಬೈಯಲಿಲ್ಲ, ಮನೆಗೆ ಕರೆದು ಕಹ್ವಾ ಕಾಫಿ ಕೊಟ್ಟರು.

ಸಂಜೆ ತಮ್ಮ ನನ್ನ ಮಾನ ಉಳಿಸಲೆಂದು ಫೋನಿನಲ್ಲಿ ಅಮ್ಮನಿಗೆ, “ಅಣ್ಣ ಇದ್ದ ಕಾರಣ ಬದುಕಿದೆ,” ಎಂದ. ನಾನು ಫೋನು ತೆಗೆದುಕೊಂಡು, ಊಟ ಆಯಿತಾ ಎಂದಷ್ಟೇ ಅಮ್ಮನನ್ನು ಕೇಳಿದೆ. ಹೆಚ್ಚು ಓದದ ನಾನು ಇದನ್ನು ಬರೆಯುತ್ತಿರುವುದು, ಅಮ್ಮ ಈ ಪತ್ರಿಕೆಯನ್ನು ತಪ್ಪದೆ ಓದುತ್ತಾಳೆಂದು. ಅಮ್ಮಾ, ಅವನನ್ನು ಎಳೆದು ತಂದದ್ದು ನಾನಲ್ಲ, ಆ ಅಜ್ಜ. ದೇವರಿಗೆ ದೀಪ ಇಡುವಾಗ ಅವರನ್ನೂ ನೆನೆಸಿಕೋ.