ಗೇಟಿನ ಲೆಕ್ಕದಲ್ಲಿ ಅಕ್ಕ ಒಳಗೇ ಇದ್ದಳು

ಸುಖವಾಗಿದ್ದೇನೆ ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ಬರುವುದೇ ಅನುಮಾನ. ನನ್ನ ಸುಖದ ಮೇಲೂ ಅಷ್ಟೇ. ಬಸವನಗುಡಿಯ ನಮ್ಮ ಹಳೇ ಮನೆ ಕೆಡವಿ ಬಿಲ್ಡರ್ ಕಟ್ಟಿಕೊಟ್ಟ ಫ್ಲ್ಯಾಟಿಗೆ ಬಂದಮೇಲೆ ನನಗೆ ಯಾವ ಕೊರತೆಯೂ ಇಲ್ಲ. ನೀರಿನ ಫಿಲ್ಟರ್ ಇದೆ, ಅದರ ಕೆಂಪು ದೀಪ ನೆಂಟರು ಬಂದ ದಿನವೇ ಹತ್ತಿಕೊಳ್ಳುತ್ತದೆ. ವಾಷಿಂಗ್ ಮೆಷಿನ್ ಇದೆ, ಇನ್ನೊಂದೇ ನಿಮಿಷ ಎಂದು ತೋರಿಸಿ ನಾನು ಸಾರಿಗೆ ಒಗ್ಗರಣೆ ಹಾಕಿ ಮುಗಿಸುವವರೆಗೂ ತಿರುಗುತ್ತದೆ. ಅದಕ್ಕೂ ಸುಳ್ಳು ಹೇಳುವುದನ್ನು ಕಲಿಸಿದ್ದಾರೆ! ಲಿಫ್ಟಿನೊಳಗೊಬ್ಬಳು ಅಡಗಿ ಕೂತು ಬಾಗಿಲು ಮುಚ್ಚಿ, ಬಾಗಿಲು ಮುಚ್ಚಿ ಎಂದು ಗದರುತ್ತಾಳೆ. ಮುಚ್ಚಿದ್ದೀನಲ್ಲಮ್ಮಾ ಎಂದರೆ ಕೇಳಿಸಿಕೊಳ್ಳುವುದಿಲ್ಲ.

"ಸುಖ ಅನ್ನೋದು ನಿನ್ನ ಮೈಗೆ ಹತ್ತಲ್ಲ ಕಣೇ," ಎನ್ನುತ್ತಾರೆ ನಮ್ಮವರು.

ಹತ್ತುವುದಿಲ್ಲ, ನಿಜ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹೇಳಿಸಿಕೊಂಡು ಬೆಳೆದವಳು ನಾನು. ಆದರೆ ಇವೆಲ್ಲ ಹೇಗೋ ಸಹಿಸಿದೆ. ಸಹಿಸಲಾಗದ್ದು ಗೇಟು.

ನಮ್ಮ ಕಟ್ಟಡದ ಕಮಿಟಿಯವರು ಗೇಟಿಗೊಂದು ಆ್ಯಪ್ ಹಾಕಿಸಿದ್ದಾರೆ. ಯಾರೇ ಬಂದರೂ ಸೆಕ್ಯೂರಿಟಿಯವನು ತನ್ನ ಫೋನಿನಲ್ಲಿ ಅವರ ಹೆಸರು ಹಾಕಬೇಕು, ನನ್ನ ಫೋನು ಟಿಂಗ್ ಎನ್ನಬೇಕು, ನಾನು ಒಪ್ಪಿಗೆ ಒತ್ತಬೇಕು. ಬಂದವರು ವಾಪಸು ಹೊರಟಾಗ ಅವನು ಮತ್ತೆ ಒತ್ತಬೇಕು. ಹಿಂದಿನ ವಾಚ್‌ಮನ್ ನಮ್ಮೂರಿನ ಕಡೆಯವನು, ಒತ್ತುವುದಕ್ಕಿಂತ ನಮಸ್ಕಾರ ಹೊಡೆಯುವುದೇ ಜಾಸ್ತಿ. ಅವನು ಬಿಟ್ಟುಹೋದ ಮೇಲೆ ಉತ್ತರ ಭಾರತದ ಕಡೆಯಿಂದ ಬಂದ, ಗಿರಿಜಾಮೀಸೆಯ ನಡುವಯಸ್ಸಿನವನೊಬ್ಬ ಸೇರಿಕೊಂಡ. ಕನ್ನಡ ಕಲಿಯುತ್ತಿದ್ದಾನೆ ಎಂದು ಎಲ್ಲರೂ ಅವನನ್ನು ಹೊಗಳುತ್ತಿದ್ದರು. ನನಗೆ ಆ ಹೊಗಳಿಕೆಯ ಮೇಲೂ ಅನುಮಾನವಿತ್ತು.

ನಮ್ಮಕ್ಕ ಇರುವುದು ಚಾಮರಾಜಪೇಟೆಯಲ್ಲಿ. ಪ್ರತಿ ಗುರುವಾರ ಮಧ್ಯಾಹ್ನ ಗೊಜ್ಜೋ ಪುಡಿಯೋ ತುಂಬಿದ ಡಬ್ಬಿ ಹಿಡಿದು ಬರುತ್ತಾಳೆ. ಇಬ್ಬರೂ ಕಾಫಿ ಕುಡಿಯುತ್ತಾ ನೆಂಟರಿಷ್ಟರನ್ನೆಲ್ಲ ಒಬ್ಬೊಬ್ಬರಾಗಿ ಬಿಡಿಸಿ ಹಾಕುತ್ತೇವೆ. ಅಪ್ಪ ಅಮ್ಮ ಹೋದಮೇಲೆ ನನಗೆ ತವರು ಎಂದು ಉಳಿದಿರುವುದು ಅವಳೊಬ್ಬಳೇ. ಗುರುವಾರ ಅವಳು ಬಾರದಿದ್ದರೆ ಆ ವಾರವೆಲ್ಲ ನನಗೆ ಯಾರ ಮೇಲೋ ಸಿಟ್ಟು.

ಆ ಮೀಸೆಯವನು ಸೇರಿದ ಮೇಲಿನ ಮೊದಲ ಗುರುವಾರ, ಅಕ್ಕ ಹೊರಟು ಸ್ವಲ್ಪ ಹೊತ್ತಾಗಿತ್ತು. ದೇವರಿಗೆ ದೀಪ ಹಚ್ಚುತ್ತಿದ್ದೆ. ಫೋನು ಟಿಂಗ್ ಎಂದಿತು: ನಿಮ್ಮ ಅತಿಥಿ ಇನ್ನೂ ಒಳಗಿದ್ದಾರೆ. ಅಕ್ಕನನ್ನು ಲಿಫ್ಟಿಗೆ ಹತ್ತಿಸಿದವಳು ನಾನೇ. ಹಾಗಾದರೆ ಒಳಗಿರುವುದು ಯಾರು? ಪೊರಕೆ ಹಿಡಿದು ಬಚ್ಚಲುಮನೆ, ಬಾಲ್ಕನಿ, ಮಂಚದ ಕೆಳಗೆ ಎಲ್ಲ ನೋಡಿದೆ. ನಮ್ಮವರು ಪೇಪರಿನಿಂದ ತಲೆ ಎತ್ತದೆ, "ಸಿಕ್ಕಿದ್ರೆ ಕಾಫಿ ಕೊಡು," ಎಂದರು. ಯಾರೂ ಸಿಗಲಿಲ್ಲ, ನನಗೆ ಸಮಾಧಾನವೂ ಆಗಲಿಲ್ಲ.

ಮುಂದಿನ ಗುರುವಾರ ಕಾಫಿಗೆ ಹಾಲಿಟ್ಟು ಕಾದೆ. ಅಕ್ಕನ ಸುಳಿವಿಲ್ಲ. ಸಂಜೆ ನಾನೇ ಫೋನ್ ಮಾಡಿದೆ.

"ಬಂದಿದ್ದೆನಲ್ಲಾ," ಎಂದಳು. ದನಿ ತಣ್ಣಗಿತ್ತು. "ನಿಮ್ಮ ಗೇಟಿನವನು ಬಿಡ್ಲಿಲ್ಲ. ನಾನು ಆಗ್ಲೇ ಒಳಗಿದೀನಂತೆ."

"ಅಂದ್ರೆ?"

"ನೀವು ಒಳಗೇ ಇದೀರಿ ಅಮ್ಮಾ, ಮತ್ತೆ ಒಳಗೆ ಬಿಡೋಕೆ ಆಗಲ್ಲ ಅಂದ. ಫೋನು ತೋರಿಸ್ದ. ಬಿಸಿಲಲ್ಲಿ ಡಬ್ಬಿ ಹಿಡ್ಕೊಂಡು ನಿಂತಿರೋಳು ಯಾರಪ್ಪಾ ಹಾಗಾದ್ರೆ, ನನ್ನ ದೆವ್ವಾನಾ ಅಂದೆ. ಅವನಿಗೆ ಅರ್ಥ ಆಗ್ಲಿಲ್ಲ. ಆಟೋ ಹತ್ಕೊಂಡು ಬಂದೆ."

"ಅಯ್ಯೋ, ಒಂದು ಫೋನ್ ಮಾಡ್ಬಾರ್ದಿತ್ತಾ ಅಕ್ಕಾ!"

"ಯಾಕೆ ಮಾಡ್ಲಿ? ಹೋದ ವಾರ ಸಾರಿನ ಪುಡಿಗೆ ಮೆಂತ್ಯ ಜಾಸ್ತಿ ಅಂದ್ಯಲ್ಲಾ, ಆಗ್ಲೇ ಗೊತ್ತಾಯ್ತು. ಬೇಡ ಅಂದ್ರೆ ಬಾಯಿಬಿಟ್ಟು ಹೇಳು. ಗೇಟಿನವನ ಕೈಲಿ ಯಾಕೆ ಹೇಳಿಸ್ತೀಯ? ಇನ್ಮೇಲೆ ಬರಲ್ಲ ಬಿಡು."

ಅನುಮಾನ ನಮ್ಮ ವಂಶದಲ್ಲೇ ಇದೆ. ಫೋನಿಟ್ಟವಳು ಅಡುಗೆಮನೆಯಲ್ಲಿ ನಿಂತು ಸಣ್ಣ ಹುಡುಗಿಯ ಹಾಗೆ ಅತ್ತುಬಿಟ್ಟೆ. ಬರುವುದಿಲ್ಲ ಎಂದರೆ ಬರುವುದಿಲ್ಲ, ಅವಳ ಹಟ ನನಗೆ ಗೊತ್ತು.

ಮಾರನೆಯ ಬೆಳಿಗ್ಗೆ ಮೊದಲು ಕಮಿಟಿಯ ಸೆಕ್ರೆಟರಿಯನ್ನು ಹಿಡಿದೆ. ನಾನು ಇನ್ನೂ ಏನೂ ಕೇಳುವ ಮೊದಲೇ ಅವರು, "ನಾನೇನೂ ಬದಲಾಯಿಸಿಲ್ಲ ಮೇಡಂ," ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಇವರದ್ದೇ ಕೈವಾಡ ಎಂದುಕೊಂಡು ಅವರನ್ನೂ ಕರೆದುಕೊಂಡೇ ಗೇಟಿಗೆ ಇಳಿದೆ.

ಮೀಸೆಯವನು ಎದ್ದು ನಿಂತ. ನಮ್ಮಕ್ಕ ಹೋಗುವಾಗ ಯಾಕೆ ಒತ್ತಲಿಲ್ಲ ಎಂದು ಕೇಳಿದೆ.

"ಅಮ್ಮ ಹೋಗಿಲ್ಲ ಮೇಡಂ. ಅಮ್ಮ ಬರ್ತೀನಪ್ಪಾ ಅಂತ ಹೇಳಿದ್ರು. ಬರ್ತೀನಿ ಅಂದ್ರೆ ಬರೋದು ಅಲ್ವಾ? ಅಂಗಡಿಗೆ ಹೋಗಿ ವಾಪಸ್ ಬರ್ತಾರೆ ಅಂತ ನಾನು ವೇಟ್ ಮಾಡ್ದೆ. ಬಂದಿಲ್ಲ. ಡ್ಯೂಟಿ ಮುಗೀತು."

ಸೆಕ್ರೆಟರಿ ಬಿದ್ದು ಬಿದ್ದು ನಕ್ಕರು. ಪಾಪ, ಅವನು ಕಲಿತ ಕನ್ನಡದಲ್ಲಿ ತಪ್ಪೇನೂ ಇರಲಿಲ್ಲ. ಹೊರಡುವಾಗ ಬರ್ತೀನಿ ಎನ್ನುವ ಜನ ನಾವು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅಕ್ಕನನ್ನು ಆ್ಯಪಿನೊಳಗಿಂದ ಹೊರಗೆ ಹಾಕಿಸಿ, ಗೆದ್ದವಳ ಹಾಗೆ ಮೇಲೆ ಬಂದು ಅವಳಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಅವಳೂ ನಕ್ಕಳು. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು.

"ಇನ್ಮೇಲೆ ಗೇಟಲ್ಲಿ ಹೋಗ್ತೀನಿ ಅಂದ್ಬಿಡು ಅಕ್ಕಾ," ಎಂದೆ. "ಒಂದು ಮಾತು ತಾನೆ, ಏನು ಗಂಟು ಹೋಗುತ್ತೆ?"

ಅವಳ ನಗು ನಿಂತಿತು.

"ನಿಮ್ ಭಾವ ಆವತ್ತು ಆಸ್ಪತ್ರೆಗೆ ಹೊರಟಾಗ ಹಾಗಂದ್ರು ಕಣೇ," ಎಂದಳು. "ಬರೀ ಟೆಸ್ಟು, ಮಧ್ಯಾಹ್ನ ಊಟಕ್ಕೆ ಬಂದ್ಬಿಡ್ತಾರೆ ಅಂತ ನಾನು ಒಲೆ ಮುಂದೇನೇ ಇದ್ದೆ. ಬಾಗಿಲಲ್ಲಿ ನಿಂತು, ಹೋಗ್ತೀನಿ ಕಣೇ, ಆಟೋ ಬಂತು ಅಂದ್ರು. ಬರ್ತೀನಿ ಅನ್ರೀ ಅಂತ ಬಾಯಿಗೆ ಬಂದಿತ್ತು. ಸಾರು ಉಕ್ತಾ ಇತ್ತು, ತಿರುಗ್ಕೊಂಡೆ."

ಭಾವ ತೀರಿಕೊಂಡು ವರ್ಷಗಳೇ ಆದವು. ಈ ಮಾತನ್ನು ಅವಳು ನನಗೂ ಹೇಳಿರಲಿಲ್ಲ. ಇರು ಅಲ್ಲೇ, ಬಂದೆ ಎಂದು ಫೋನಿಟ್ಟು, ಉಟ್ಟ ಸೀರೆಯಲ್ಲೇ ಆಟೋ ಹಿಡಿದು ಚಾಮರಾಜಪೇಟೆಗೆ ಹೋದೆ. ಗುರುವಾರವಲ್ಲ, ಏನಲ್ಲ, ನಾನು ಬರಲ್ಲ ಎಂದು ಅವಳು ಗೊಣಗಿದರೂ ಬಿಡದೆ ಕೈ ಹಿಡಿದು ಕರೆತಂದೆ. ಗೇಟಿನವನಿಗೆ ಇವರು ನನ್ನಕ್ಕ ಎಂದು ತೋರಿಸಿದೆ. ಊಟ ಮಾಡಿದೆವು. ಸಾರಿಗೆ ಅವಳದ್ದೇ ಪುಡಿ ಹಾಕಿದ್ದೆ. ಮೆಂತ್ಯ ಜಾಸ್ತಿಯೇ ಆಗಿತ್ತು, ಬಾಯಿ ಮುಚ್ಚಿಕೊಂಡು ತಿಂದೆ.

ಬಿಸಿಲು ಇಳಿದ ಮೇಲೆ ಅವಳ ಜೊತೆ ನಾನೂ ಕೆಳಗಿಳಿದೆ. ಗೇಟಿನ ಹತ್ತಿರ ಅಕ್ಕ ನಿಂತಳು. ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಮೀಸೆಯವನ ಮುಖವನ್ನೇ ನೋಡುತ್ತಾ, ಬೀದಿಗೆಲ್ಲ ಕೇಳಿಸುವ ಹಾಗೆ, "ಬರ್ತೀನಪ್ಪಾ," ಎಂದಳು.

ಅವನು ಫೋನಿನ ಮೇಲೆ ಬೆರಳಿಟ್ಟುಕೊಂಡು ನನ್ನತ್ತ ನೋಡಿದ.

"ಬರ್ತಾರೆ," ಎಂದೆ. "ನೀನು ಒತ್ತು."