ಚಿಲಕವಿಲ್ಲದ ಬಾಗಿಲು, ಮೂಗಮ್ಮನ ‘ತಿಳಿವಳಿಕೆ ಕೊರತೆ’

ತೆರಕಣಾಂಬಿಯ ಭವ್ಯ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡೇ ಚಾಮರಾಜನಗರ ಸೇರುತ್ತಾಳೆ. ಅಲ್ಲಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸು. “ಸೂಜಿ ಚುಚ್ಚೋದ್ ಬುಟ್ಟು ಇನ್ನೇನ್ ಮಾಡೀಯೆ ಅಲ್ಲಿ?” ಎಂದು ಅವ್ವ ಕೇಳಿದರೆ ಅವಳಿಗೆ ಸಿಟ್ಟು ಬರುತ್ತದೆ. ಅವಳು ಮನಸ್ಸಿಟ್ಟು ಕಲಿತದ್ದು ಬೇರೆಯೇ. ಡಾಕ್ಟರು ರೋಗಕ್ಕೆ ಹೆಸರಿಡುತ್ತಾರೆ. ನರ್ಸು ರೋಗಿಯ ಕಷ್ಟಕ್ಕೆ ಹೆಸರಿಡಬೇಕು. ನುಂಗಲಾಗದು, ನಿದ್ದೆ ಬಾರದು, ಎದ್ದರೆ ಬೀಳುವ ಭಯ, ಇಂಥವಕ್ಕೆಲ್ಲ ದೇಶದೇಶದ ನರ್ಸುಗಳು ಸೇರಿ ಒಂದೇ ಥರದ ಹೆಸರು ಗೊತ್ತುಮಾಡಿದ್ದಾರೆ. ಹೆಸರಿನ ಪಕ್ಕ ಕಾರಣ, ಕಾರಣಕ್ಕೆ ತಕ್ಕ ಆರೈಕೆ, ಕೊನೆಗೆ ಏನು ಗುಣವಾಯಿತೆಂಬ ಮಾತು. ಒಳ್ಳೆಯ ಏರ್ಪಾಡು. ಒಳ್ಳೆಯದನ್ನು ಕೆಡಿಸುವುದನ್ನು ಮಾತ್ರ ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಗುಣಮಟ್ಟ ವಿಭಾಗದ ರಘುನಾಥ ಇದನ್ನೆಲ್ಲ ಟ್ಯಾಬ್ಲೆಟ್ಟಿಗೆ ತುಂಬಿಸಿದರು. ಪರಿಶೀಲನೆಗೆ ಬರುವವರಿಗೆ ತೋರಿಸಬೇಕಲ್ಲ. ಪಟ್ಟಿಯಿಂದ ಒಂದು ಕಾರಣ ಆರಿಸಿ ಒತ್ತದಿದ್ದರೆ ಯಂತ್ರ ಮುಂದೆ ಹೋಗುವುದಿಲ್ಲ. ಪಟ್ಟಿಯ ಮೊದಲಲ್ಲೇ ‘ತಿಳಿವಳಿಕೆ ಕೊರತೆ’ ಕೂತಿದೆ. ಕೈತುಂಬ ಕೆಲಸವಿರುವ ನರ್ಸುಗಳು ಅದನ್ನೇ ಒತ್ತುತ್ತಾರೆ. ಬೈಕಿನಿಂದ ಬಿದ್ದು ಕಾಲು ಮುರಿದವನಿಗೂ ತಿಳಿವಳಿಕೆ ಕೊರತೆ, ಹಂದಿ ತಿವಿದವನಿಗೂ ತಿಳಿವಳಿಕೆ ಕೊರತೆ. ಹಂದಿಗಿತ್ತೇನೋ.

ಹಂಗಳದ ಮೂಗಮ್ಮ ಬಂದಾಗ ಭವ್ಯಳೂ ಅದನ್ನೇ ಒತ್ತಿದಳು. ಮೂತ್ರದ ಸೋಂಕು ಕಿಡ್ನಿಗೆ ಏರಿ ಮುದುಕಿ ಚಳಿಜ್ವರದಲ್ಲಿ ನಡುಗುತ್ತಿದ್ದಳು. ಚೆನ್ನಾಗಿ ನೀರು ಕುಡಿಯದಿದ್ದರೆ ಕಿಡ್ನಿ ಉಳಿಯುವುದು ಕಷ್ಟ ಎಂದಿದ್ದರು ಡಾಕ್ಟರು. ಮಂಚದ ಪಕ್ಕದ ನೀರಿನ ಬಾಟಲಿ ಮಾತ್ರ ಇಟ್ಟಂತೆಯೇ ಇರುತ್ತಿತ್ತು. ಭವ್ಯ ಭಾಷಣ ಮಾಡಿದಳು. ಮೂಗಮ್ಮ, “ಆಯ್ತು ಕಣಮ್ಮಿ, ಕುಡೀತೀನಿ” ಅಂದಳು. ಮಾರನೆಯ ದಿನವೂ ಬಾಟಲಿ ತುಂಬಿಯೇ ಇತ್ತು, ಜ್ವರ ಏರಿತ್ತು.

“ಏನಜ್ಜಿ, ಯೋಳಿದ್ದು ಕಿವೀಗ್ ಬೀಳ್ನಿಲ್ವಾ?”

“ಬಿತ್ತು ಬುಡು. ನೀನ್ ಎಲ್ಗೋಯ್ತೀಯಮ್ಮಿ, ನೀರ್ ಕುಡುದ್ರೆ?”

“ನಮ್ಗೆ ಸ್ಟಾಫ್ ಟಾಯ್ಲೆಟ್ ಅದೆ.”

“ಚಿಲ್ಕ ಅದಾ?”

“ಚಿಲ್ಕಾನೂ ಅದೆ, ಬೀಗಾನೂ ಅದೆ.”

“ಅದ್ಕೇ ಕುಡೀತೀಯೆ.”

ವಾರ್ಡಿನ ಕೊನೆಯಲ್ಲಿ ಗಂಡಸರಿಗೂ ಹೆಂಗಸರಿಗೂ ಒಂದೇ ಕಕ್ಕಸು. ಬಾಗಿಲಲ್ಲಿ ಚಿಲಕವಿದ್ದ ಜಾಗದಲ್ಲಿ ತೂತಿದೆ. ಒಳಗೆ ಕೂತವರು ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡಿರಬೇಕು. ಮೂಗಮ್ಮನ ಒಂದು ಕೈಗೆ ಡ್ರಿಪ್ಪು, ಇನ್ನೊಂದು ಕೈಯಲ್ಲಿ ಅದರ ಕಂಬಿ.

“ನಂಗೇನ್ ಮೂರ್ ಕೈಯಾ ಕಣಮ್ಮಿ? ನಮ್ಮೂರಲ್ಲಿ ಕಾಡಂಚ್ಗೆ ಓಗ್ತಿದ್ದಾಗ್ಲೂ ಜೊತೇಲೊಬ್ಳು ಕಾವಲ್ ನಿಂತ್ಕತಿದ್ಲು. ಆನೆ ಬಂದ್ರೂ ಕೂಗೋಳು, ಗಂಡಸ್ರು ಬಂದ್ರೂ ಕೂಗೋಳು. ಇಲ್ಲಿ ಯಾರವ್ರೆ?”

ಭವ್ಯಳ ಅವ್ವನೂ ಬಸ್ಸು ಹತ್ತುವ ದಿನ ನೀರು ಮುಟ್ಟುವುದಿಲ್ಲ. ಮನೆಯಲ್ಲಿ ಗೊತ್ತಿದ್ದ ಸಂಗತಿ ಯೂನಿಫಾರಂ ಹಾಕಿಕೊಂಡ ಮೇಲೆ ಮರೆತುಹೋಗಿತ್ತು. ಟ್ಯಾಬ್ಲೆಟ್ಟು ತೆಗೆದು ತಾನು ಒತ್ತಿದ್ದನ್ನು ಅಳಿಸಿ, ‘ಇತರೆ’ ಎಂಬಲ್ಲಿ ಬರೆದಳು: ಕಕ್ಕಸಿನ ಬಾಗಿಲಿಗೆ ಚಿಲಕವಿಲ್ಲ.

ಯಾರಾದರೂ ಚಿಲಕ ಕೇಳಿದಾಗಲೆಲ್ಲ ಕಣ್ಣಿಗೆ ಬೀಳದ ರಘುನಾಥ ಈಗ ಮೂಗಮ್ಮನ ಮಂಚದ ಬಳಿಗೇ ಓಡಿ ಬಂದರು.

“ಏನ್ ಸಿಸ್ಟರ್ ಇದು? ಇನ್‌ಸ್ಪೆಕ್ಷನ್ ಹತ್ರ ಬಂದಿದೆ.”

“ಕಾರಣ ಸರ್. ಬರೀಲೇಬೇಕು ಅಂತ ನೀವೇ ಕ್ಲಾಸ್ ತಗೊಂಡ್ರಲ್ಲ.”

“ಕಾರಣ ಪೇಷಂಟಲ್ಲಿ ಇರ್ಬೇಕು ಕಣ್ರೀ, ಬಾಗ್ಲಲ್ಲಲ್ಲ.”

“ಚಿಲಕ ಹಾಕ್ಸಿ ಸರ್, ಅಳಿಸ್ತೀನಿ.”

“ಅದು ಮೆಂಟೆನೆನ್ಸ್ ವಿಷ್ಯ. ಮೀಟಿಂಗಲ್ಲಿ ಇಡೋಣ.”

“ಅಲ್ಲೀಗಂಟ ತಡ್ಕೋ ಅಂತ ಅಜ್ಜಿ ಕಿಡ್ನೀಗೆ ಹೇಳ್ಲಾ?”

ರಘುನಾಥ ತಾವೇ ಅಳಿಸಿ, ಮತ್ತೆ ಪಟ್ಟಿಯ ಮೊದಲನೆಯದನ್ನೇ ಒತ್ತಿ ಹೋದರು. ನೋಡಿ, ಬಾಗಿಲಿಗೊಂದು ಚಿಲಕ ಜಡಿಯುವುದಕ್ಕಿಂತ ಒಬ್ಬ ಹೆಂಗಸನ್ನು ದಡ್ಡಿ ಎನ್ನುವುದು ಎಷ್ಟು ಸಲೀಸು! ಬಡಗಿಯೂ ಬೇಕಿಲ್ಲ.

ಭವ್ಯ ಸ್ಟಾಫ್ ಟಾಯ್ಲೆಟ್ಟಿನ ಬೀಗದ ಕೈಯನ್ನು ಮೂಗಮ್ಮನ ಡ್ರಿಪ್ಪಿನ ಕಂಬಿಗೆ ಕಟ್ಟಿದಳು. ಪಕ್ಕದ ಮಂಚದ ಚಿಕ್ಕಮಲ್ಲಮ್ಮನನ್ನು ಕಾವಲಿಗೆ ಜೊತೆ ಮಾಡಿದಳು. ಇಬ್ಬರೂ ಹೊಲದ ಬದುವಿಗೆ ಹೊರಟವರಂತೆ ಮಾತಾಡಿಕೊಂಡು ಹೋಗಿ ಬಂದರು. ಬಂದವಳೇ ಮೂಗಮ್ಮ ಬಾಟಲಿ ಎತ್ತಿ ಗಟಗಟ ಕುಡಿದಳು.

ಉಳಿದ ನರ್ಸುಗಳು ಗೊಣಗಿದರು. “ನಾವೆಲ್ಲಿಗ್ ಹೋಗನ?”

“ಅಜ್ಜೀನ ಕೇಳ್ಕಂಡ್ ಹೋಗಿ” ಎಂದಳು ಭವ್ಯ.

ಕೀಲಿಗೆ ಬಂದವರನ್ನೆಲ್ಲ ಮೂಗಮ್ಮ ವಿಚಾರಿಸಿಕೊಂಡೇ ಕಳಿಸುತ್ತಿದ್ದಳು. “ನೀರ್ ಕುಡುದ್ಯಾ? ಕುಡೀಬೇಕು ಕಣಮ್ಮಿ. ಕಿಡ್ನಿ ಓಯ್ತದೆ.”

ಜ್ವರ ಇಳಿಯಿತು. ಕಿಡ್ನಿ ಉಳಿಯಿತೆಂದು ಡಾಕ್ಟರು ಹೇಳಿ ಮನೆಗೆ ಬಿಟ್ಟರು. ಫಲಿತಾಂಶದ ಜಾಗದಲ್ಲಿ ರಘುನಾಥ ಬರೆಸಿದ್ದು ಹೀಗೆ: ಆರೋಗ್ಯ ಶಿಕ್ಷಣದಿಂದ ರೋಗಿಯ ತಿಳಿವಳಿಕೆ ಸುಧಾರಿಸಿದೆ, ಗುರಿ ಈಡೇರಿದೆ. ಪರಿಶೀಲನೆಗೆ ಬಂದವರು ಅದನ್ನು ಓದಿ ಮೆಚ್ಚಿಕೊಂಡರಂತೆ. ಬಾಗಿಲಲ್ಲಿ ತೂತು ಹಾಗೇ ಇದೆ.

ಹೊರಡುವಾಗ ಮೂಗಮ್ಮ ಕೀಲಿ ಬಿಚ್ಚಿ, ಭವ್ಯಳ ಕೈಗೆ ಕೊಡದೆ ಚಿಕ್ಕಮಲ್ಲಮ್ಮನ ಸೆರಗಿನ ತುದಿಗೆ ಗಂಟು ಹಾಕಿದಳು.

“ಆ ಮೀಟಿಂಗಪ್ಪ ಬಂದ್ ಕೇಳುದ್ರೆ ಕೊಟ್ಟೀಯೆ, ಉಸಾರು” ಎಂದಳು. “ಚಿಲ್ಕ ತಂದವ್ನಾ ಅಂತ ಮೊದ್ಲು ಕೇಳು.”